ರಸ್ತೆಗಿಂತ ಮೊದಲು ನೀರನ್ನು ಆರಿಸಿ: ಕಡಲ ಕಯಾಕಿಂಗ್ ಸೇರಿದ ಕರಾವಳಿ ಪ್ರಯಾಣಗಳ ಹೋಲಿಕೆ

ಕಾರಿನಲ್ಲಿ ಕರಾವಳಿಯುದ್ದಕ್ಕೂ ಸಾಗುತ್ತ, ಅಲ್ಲಲ್ಲಿ ತಂಗಿ, ಕಯಾಕ್ (ಒಬ್ಬಿಬ್ಬರು ಕುಳಿತು ಹುಟ್ಟು ಹಾಕುವ ಕಿರಿದಾದ ದೋಣಿ) ಹತ್ತಿ ಸಮುದ್ರಕ್ಕೂ ಇಳಿಯಬೇಕೆಂದು ಬಯಸುವವರು ಬಹುಮಟ್ಟಿಗೆ ಮೊದಲು ರಸ್ತೆಯನ್ನು ಆರಿಸಿಕೊಳ್ಳುತ್ತಾರೆ. ಆ ರಸ್ತೆಯ ಬದಿಯಲ್ಲಿ ಕಯಾಕ್ ಬಾಡಿಗೆಗೆ ಸಿಗುವ ಊರು ಯಾವುದೆಂದು ಆಮೇಲೆ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮಳೆ ಬಂದರೂ ಗಾಳಿ ಬೀಸಿದರೂ ರಸ್ತೆಯ ಪ್ರಯಾಣ ಹೇಗೋ ನಡೆದುಹೋಗುತ್ತದೆ; ಕಿಟಕಿಯಾಚೆಯ ನೊರೆಗಡಲು ಕಾರಿನೊಳಗೆ ಕುಳಿತವರ ಕಣ್ಣಿಗೆ ಇನ್ನಷ್ಟು ಚೆಲುವಾಗಿಯೇ ಕಾಣುತ್ತದೆ. ಕಯಾಕಿನಲ್ಲಿ ಹೋಗಬೇಕಾದವರಿಗಾದರೋ ಅದೇ ನೊರೆ ಆ ದಿನದ ಯೋಜನೆಯನ್ನು ಕೈಬಿಡಬೇಕೆಂಬ ಸೂಚನೆ. ಆದ್ದರಿಂದ ನಿಮ್ಮ ಅನುಭವಕ್ಕೆ ಎಂಥ ನೀರು ಒಗ್ಗುತ್ತದೆಂಬುದನ್ನು ಮೊದಲು ನಿರ್ಧರಿಸಿ, ಆ ನೀರಿನ ದಡದಲ್ಲಿ ಹಾದುಹೋಗುವ ರಸ್ತೆಯನ್ನು ಆಮೇಲೆ ಆರಿಸಬೇಕು.

ಇಲ್ಲಿ ಹೋಲಿಕೆಗೆ ತೆಗೆದುಕೊಂಡಿರುವುದು ಮುಖ್ಯವಾಗಿ ನಾಲ್ಕು ಪ್ರಯಾಣಗಳನ್ನು: ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ತುದಿ, ಕ್ರೊಯೇಷಿಯಾದ ಆಡ್ರಿಯಾಟಿಕ್ ಹೆದ್ದಾರಿ, ಸ್ಕಾಟ್ಲೆಂಡಿನ ನಾರ್ತ್ ಕೋಸ್ಟ್ 500 ಮತ್ತು ನಾರ್ವೆಯ ಹೆಲ್ಗೆಲ್ಯಾಂಡ್ ಕರಾವಳಿಯ ರಸ್ತೆ 17. ಕೆನಡಾದ ವ್ಯಾಂಕೂವರ್ ದ್ವೀಪವನ್ನು ಕೊನೆಯಲ್ಲಿ ಸಂಕ್ಷೇಪವಾಗಿ ಸೇರಿಸಿದ್ದೇನೆ. ಅಲ್ಲಿ ರಸ್ತೆಗಿಂತ ನೀರಿನ ಪಾಲೇ ಹೆಚ್ಚು.

ನೀರನ್ನು ಅಳೆಯುವ ಬಗೆ

ಮೊದಲು ನೋಡಬೇಕಾದದ್ದು ನೀರಿನ ಉಷ್ಣಾಂಶ. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಅದಕ್ಕೆ ಬಿದ್ದ ಮೊದಲ ನಿಮಿಷದಲ್ಲೇ ಉಸಿರು ಏರುಪೇರಾಗಿ ತನ್ನಷ್ಟಕ್ಕೆ ಏದುಸಿರು ಬರುತ್ತದೆ; ಆ ಹೊತ್ತಿನಲ್ಲಿ ಬಾಯಿಗೆ ನೀರು ನುಗ್ಗಿದರೆ ಈಜು ಬಲ್ಲವರೂ ಮುಳುಗಬಹುದು. ಅದಾದ ಮೇಲೆ ಕೆಲವೇ ನಿಮಿಷಗಳಲ್ಲಿ ಬೆರಳುಗಳ ಶಕ್ತಿ ಕುಂದಿ ಹುಟ್ಟನ್ನು ಹಿಡಿಯುವುದೂ ಕಯಾಕಿನೊಳಗೆ ಮರಳಿ ಹತ್ತುವುದೂ ಕಷ್ಟವಾಗುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕ್ರೊಯೇಷಿಯಾದ ಕಡಲು 23ರಿಂದ 26 ಡಿಗ್ರಿಯವರೆಗೆ ಬೆಚ್ಚಗಿರುತ್ತದೆ. ನ್ಯೂಜಿಲೆಂಡಿನ ಟಾಸ್ಮನ್ ಕೊಲ್ಲಿ ಅಲ್ಲಿನ ಬೇಸಿಗೆಯಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದರೆ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿ ಮತ್ತು ಹೆಲ್ಗೆಲ್ಯಾಂಡ್ ನಡುಬೇಸಿಗೆಯಲ್ಲೂ ಹದಿಮೂರು ಹದಿನಾಲ್ಕನ್ನು ದಾಟುವುದು ಅಪರೂಪ. ಬಿಸಿಲು ಎಷ್ಟೇ ಹಿತವಾಗಿರಲಿ, ಉಡುಪನ್ನು ನೀರಿನ ತಂಪಿಗೆ ತಕ್ಕಂತೆ ತೊಡಬೇಕೆಂಬುದು ಕಯಾಕಿಂಗ್ ಕಲಿಸುವ ಎಲ್ಲರೂ ಹೇಳುವ ಮೊದಲ ಮಾತು. ಉತ್ತರದ ಈ ಎರಡು ಕರಾವಳಿಗಳಲ್ಲಿ ಅದರ ಅರ್ಥ ವೆಟ್‌ಸೂಟ್ ಅಥವಾ ಡ್ರೈಸೂಟ್, ಎಂದರೆ ತಣ್ಣೀರಿನಲ್ಲೂ ಮೈಯನ್ನು ಬೆಚ್ಚಗಿಡುವ ಉಡುಪು.

ಎರಡನೆಯದು ಗಾಳಿ. ಸಾಮಾನ್ಯ ಕಯಾಕಿಗರು ಶಾಂತವಾದ ನೀರಿನಲ್ಲಿ ಗಂಟೆಗೆ ಐದಾರು ಕಿಲೋಮೀಟರ್ ಸಾಗುತ್ತಾರೆ. ಗಾಳಿಯ ಬಲವನ್ನು ಹಂತಗಳಲ್ಲಿ ಹೇಳುವ ಬ್ಯೂಫರ್ಟ್ ಮಾಪಕದ 4ನೇ ಹಂತವೆಂದರೆ ಗಂಟೆಗೆ 20ರಿಂದ 28 ಕಿಲೋಮೀಟರ್ ವೇಗದ ಗಾಳಿ. ಅಂಥ ಗಾಳಿ ಎದುರಾದರೆ ಮೊದಲಿನ ವೇಗದಲ್ಲಿ ಅರ್ಧವೂ ಉಳಿಯುವುದಿಲ್ಲ. ಅಲೆಗಳ ನೆತ್ತಿಯ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣತೊಡಗಿದರೆ ಈ ಹಂತ ಹತ್ತಿರ ಬಂತೆಂದೇ ತಿಳಿದು ಹೊಸಬರು ದಡದಲ್ಲೇ ಉಳಿಯುವುದು ಲೇಸು. ನೆಲದಿಂದ ಕಡಲಿನತ್ತ ಬೀಸುವ ಗಾಳಿ ಇನ್ನೂ ಮೋಸದ್ದು: ದಡದ ಬಳಿ ನೀರು ಕನ್ನಡಿಯಂತಿರುತ್ತದೆ, ಹೊರಗೆ ಹೋದಂತೆಲ್ಲ ಅಲೆಗಳು ಬೆಳೆಯುತ್ತವೆ, ಹಿಂದಿರುಗುವ ದಾರಿ ಪೂರ್ತಿ ಎದುರುಗಾಳಿಯದಾಗಿರುತ್ತದೆ.

ಮೂರನೆಯದು ಉಬ್ಬರ ಇಳಿತಗಳು. ಉಬ್ಬರ ಸುಮಾರು ಆರು ಗಂಟೆಗಳಲ್ಲಿ ಏರುತ್ತದೆ, ಆದರೆ ಒಂದೇ ಸಮನಾಗಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ನೀರು ಚಲಿಸುತ್ತದೆ; ಇಕ್ಕಟ್ಟಾದ ಜಲಸಂಧಿಗಳನ್ನು ದಾಟಬಾರದ ಹೊತ್ತು ಅದು. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ಈ ಓಟ ಇನ್ನೂ ಜೋರಾಗುತ್ತದೆ. ಕ್ರೊಯೇಷಿಯಾದ ಮಧ್ಯ ಮತ್ತು ದಕ್ಷಿಣ ಕರಾವಳಿಯಲ್ಲಿ ಉಬ್ಬರದ ಏರಿಳಿತ ಒಂದು ಗೇಣಿಗಿಂತ ತುಸು ಹೆಚ್ಚಷ್ಟೇ, ಸುಮಾರು 30 ಸೆಂಟಿಮೀಟರ್. ಸ್ಕಾಟ್ಲೆಂಡಿನ ಪಶ್ಚಿಮದಲ್ಲೂ ಟಾಸ್ಮನ್ ಕೊಲ್ಲಿಯಲ್ಲೂ ಅದು ನಾಲ್ಕು ಮೀಟರನ್ನು ಮುಟ್ಟುತ್ತದೆ. ಮೊದಲನೆಯ ಕಡೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಟರೂ ನಡೆಯುತ್ತದೆ, ಉಳಿದ ಎರಡು ಕಡೆ ಎಷ್ಟು ಹೊತ್ತಿಗೆ ಹೊರಡಬೇಕೆಂಬುದನ್ನು ಉಬ್ಬರದ ಪಟ್ಟಿ ತೀರ್ಮಾನಿಸುತ್ತದೆ.

ನ್ಯೂಜಿಲೆಂಡ್: ಮೊದಲ ಸಲದವರಿಗೆ

ಕಯಾಕಿನಲ್ಲಿ ಇದುವರೆಗೆ ಕಡಲಿಗಿಳಿಯದವರು ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಹಿಂದೆಮುಂದೆ ನೋಡದೆ ಹೇಳುವ ಹೆಸರು ಏಬಲ್ ಟಾಸ್ಮನ್ ರಾಷ್ಟ್ರೀಯ ಉದ್ಯಾನ. 1642ರಲ್ಲಿ ಇಲ್ಲಿಗೆ ಸಮೀಪದ ಗೋಲ್ಡನ್ ಬೇಯಲ್ಲಿ ಲಂಗರು ಹಾಕಿದ ಡಚ್ ನಾವಿಕನ ಹೆಸರನ್ನು ಹೊತ್ತ, 1942ರಲ್ಲಿ ಸ್ಥಾಪನೆಯಾದ ಈ ಉದ್ಯಾನ ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲೇ ಅತ್ಯಂತ ಚಿಕ್ಕದು. ಇದರ ಕರಾವಳಿಯ ಉದ್ದಕ್ಕೂ ಸಾಗುವ ರಸ್ತೆಯೇ ಇಲ್ಲ ಎಂಬುದು ಇದರ ದೊಡ್ಡ ಅನುಕೂಲ. ಕಾಲ್ನಡಿಗೆಯ 60 ಕಿಲೋಮೀಟರ್ ಉದ್ದದ ಜಾಡು ಇದೆ, ನೀರಿನ ದಾರಿ ಇದೆ. ಕಾರನ್ನು ದಕ್ಷಿಣ ತುದಿಯ ಮಾರಹೌ ಅಥವಾ ಕೈಟೆರಿಟೆರಿಯಲ್ಲಿ ಬಿಟ್ಟೇ ಮುಂದೆ ಹೋಗಬೇಕು. ಜಲಟ್ಯಾಕ್ಸಿಗಳು ಜನರನ್ನೂ ಕಯಾಕುಗಳನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದರಿಂದ ಒಂದು ದಿಕ್ಕಿನಲ್ಲಿ ಹುಟ್ಟು ಹಾಕಿ ಇನ್ನೊಂದು ದಿಕ್ಕಿನಲ್ಲಿ ನಡೆದು ಬರಲು, ಅಥವಾ ಗಾಳಿ ಎದ್ದರೆ ಅಲ್ಲಿಗೇ ನಿಲ್ಲಿಸಿ ದೋಣಿ ಹಿಡಿದು ಹಿಂದಿರುಗಲು ಅವಕಾಶವಿದೆ. ಹೊಸಬರಿಗೆ ಇಂಥ ಹಿಂಬಾಗಿಲು ಇರುವುದು ಎಲ್ಲ ಸೌಂದರ್ಯಕ್ಕಿಂತ ಮುಖ್ಯ.

ಮಾರಹೌ ಊರಿನಲ್ಲಿ ಬೆಳಗಿನ ಇಳಿತದ ಹೊತ್ತಿಗೆ ಕಾಣುವ ನೋಟ ಈ ಕರಾವಳಿಯ ಸ್ವಭಾವವನ್ನು ಚೆನ್ನಾಗಿ ತಿಳಿಸುತ್ತದೆ. ನೀರು ನೂರಾರು ಮೀಟರ್ ಹಿಂದೆ ಸರಿದು ಒದ್ದೆ ಮರಳು ಬಯಲಾಗಿರುತ್ತದೆ. ಟ್ರ್ಯಾಕ್ಟರ್‌ಗಳು ದೋಣಿಗಳನ್ನು ಟ್ರೇಲರ್ ಮೇಲಿಟ್ಟು, ಪ್ರಯಾಣಿಕರು ಲೈಫ್ ಜಾಕೆಟ್ ತೊಟ್ಟು ಅದರೊಳಗೆ ಕುಳಿತಿರುವಂತೆಯೇ, ಊರಿನ ರಸ್ತೆಯಿಂದ ಮರಳಿನ ಮೇಲೆ ಎಳೆದುಕೊಂಡು ಹೋಗಿ ನೀರಿಗಿಳಿಸುತ್ತವೆ. ಉತ್ತರಕ್ಕಿರುವ ಅವರೋವಾ ಅಳಿವೆಯನ್ನು ನಡೆದು ದಾಟಬೇಕಾದವರು ಇಳಿತಕ್ಕೆ ಮುಂಚಿನ ಒಂದೂವರೆ ಗಂಟೆ ಮತ್ತು ಅನಂತರದ ಎರಡು ಗಂಟೆಗಳ ಒಳಗೆ ದಾಟಬೇಕು, ಬೇರೆ ದಾರಿಯಿಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, ಅವರೋವಾದಲ್ಲಿ ಖಾಸಗಿ ಒಡೆತನದಲ್ಲಿದ್ದ ಒಂದು ಕಡಲತೀರವನ್ನು 2016ರಲ್ಲಿ ಸಾವಿರಾರು ಸಾರ್ವಜನಿಕರು ಹಣ ಕೂಡಿಸಿ ಕೊಂಡು ಉದ್ಯಾನಕ್ಕೆ ಸೇರಿಸಿದರು; ಅಲ್ಲಿ ಕಯಾಕ್ ನಿಲ್ಲಿಸುವಾಗ ನೆನಪಿಡಬೇಕಾದ ಸಂಗತಿ.

ಇಲ್ಲಿನ ನೀರು ಪಶ್ಚಿಮದ ಜೋರುಗಾಳಿಗಳಿಂದ ಬೆಟ್ಟಗಳ ಮರೆಯಲ್ಲಿದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಾತ್ರ ಕಡಲ್ಗಾಳಿ ಎದ್ದು ಅಲೆಗಳು ಕದಡುತ್ತವೆ. ಮಾರಹೌದಿಂದ ಉತ್ತರಕ್ಕೆ ಸಿಗುವ ಒಂದು ತೆರೆದ ಭಾಗಕ್ಕೆ ಕಯಾಕಿಗರು ಮ್ಯಾಡ್ ಮೈಲ್ (ಹುಚ್ಚು ಮೈಲು) ಎಂದೇ ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಬೇಗ ಹೊರಟು ಊಟದ ಹೊತ್ತಿಗೆ ದಡ ಸೇರುವ ಯೋಜನೆ ಮಾಡಿಕೊಂಡರೆ ಈ ತೊಂದರೆಯ ಬಹುಪಾಲು ತಪ್ಪುತ್ತದೆ. 1993ರಿಂದ ಸಾಗರ ಸಂರಕ್ಷಣಾ ವಲಯವಾಗಿರುವ ಟೋಂಗಾ ದ್ವೀಪದ ಸುತ್ತ ತುಪ್ಪಳದ ಸೀಲ್‌ಗಳು ಬಂಡೆಗಳ ಮೇಲೆ ಮೈಚಾಚಿರುತ್ತವೆ. ದೂರದಿಂದ ನೋಡಬೇಕು, ದ್ವೀಪದ ಮೇಲೆ ಇಳಿಯಬಾರದು. ಮಾರ್ಗದರ್ಶಕರಿಲ್ಲದೆ ಬಾಡಿಗೆಗೆ ಪಡೆಯುವವರಿಗೆ ಸಾಮಾನ್ಯವಾಗಿ ಇಬ್ಬರು ಕೂರುವ ಕಯಾಕನ್ನೇ ಕೊಡುತ್ತಾರೆ, ಹೊರಡುವ ಮುನ್ನ ತರಬೇತಿಯನ್ನೂ ನೀಡುತ್ತಾರೆ. ಒಂಟಿಯಾಗಿ ಹೋಗಬಯಸುವವರಿಗೆ ಬಾಡಿಗೆ ಸಿಗುವುದು ಕಷ್ಟ.

ರಸ್ತೆಯ ಪಾಲು ಇಲ್ಲಿ ಚಿಕ್ಕದಾದರೂ ಸಪ್ಪೆಯಲ್ಲ. ಉತ್ತರ ದ್ವೀಪದಿಂದ ಫೆರಿಯಲ್ಲಿ ಬಂದು ಪಿಕ್ಟನ್‌ನಲ್ಲಿ ಇಳಿದವರು ಹ್ಯಾವ್ಲಾಕ್‌ವರೆಗೆ ಕ್ವೀನ್ ಶಾರ್ಲೆಟ್ ಡ್ರೈವ್ ಎಂಬ ಅಂಕುಡೊಂಕಿನ ರಸ್ತೆ ಹಿಡಿದರೆ ಮಾರ್ಲ್‌ಬರೋ ಸೌಂಡ್ಸ್‌ನ ಕವಲು ಕವಲಾದ ನೀರು ಕೆಳಗೆ ಕಾಣುತ್ತ ಸಾಗುತ್ತದೆ. ಇವು ಸಮುದ್ರ ಏರಿ ಮುಳುಗಿಸಿದ ನದಿಕಣಿವೆಗಳು. ಕಯಾಕಿಂಗ್‌ಗೆ ಏಬಲ್ ಟಾಸ್ಮನ್‌ನಷ್ಟೇ ಸೌಮ್ಯ, ಜನಸಂದಣಿ ಕಡಿಮೆ. ಪೂರ್ವಕ್ಕೆ ಇಳಿದರೆ ಕೈಕೌರಾ. 2016ರ ನವೆಂಬರ್ 14ರಂದು ಸಂಭವಿಸಿದ 7.8 ತೀವ್ರತೆಯ ಭೂಕಂಪದಲ್ಲಿ ಇಲ್ಲಿನ ಕಡಲತಳವೇ ಮೇಲೆದ್ದು, ಹಿಂದೆ ನೀರಿನಡಿ ಇದ್ದ ಬಂಡೆಗಳು ಹೆದ್ದಾರಿಯ ಪಕ್ಕದಲ್ಲಿ ಬಯಲಾಗಿ ನಿಂತಿವೆ. ಪಶ್ಚಿಮ ತೀರದ ಪುನಕೈಕಿಯ ಪದರಬಂಡೆಗಳು ಕಾರಿನಲ್ಲಿ ನೋಡಿ ಬರಲು ಮಾತ್ರ. ಆ ತೀರದ ಅಲೆ ಕಯಾಕಿಗೆ ಹೇಳಿಸಿದ್ದಲ್ಲ.

ಕ್ರೊಯೇಷಿಯಾ: ಬೆಚ್ಚಗಿನ ನೀರು, ಬಿರುಸಾದ ಗಾಳಿ

ಉಬ್ಬರದ ಚಿಂತೆಯಿಲ್ಲದ, ಬಿದ್ದರೂ ನಡುಗದ ನೀರು ಬೇಕೆನ್ನುವವರಿಗೆ ಆಡ್ರಿಯಾಟಿಕ್ ತೀರ ಹೇಳಿ ಮಾಡಿಸಿದಂತಿದೆ. ರಿಯೆಕಾದಿಂದ ದಕ್ಷಿಣಕ್ಕೆ ಡುಬ್ರೊವ್ನಿಕ್ ದಾಟಿ ಮೊಂಟೆನೆಗ್ರೊ ಗಡಿಯವರೆಗೆ ಸಾಗುವ ಡಿ8 ಹೆದ್ದಾರಿ 600 ಕಿಲೋಮೀಟರ್‌ಗಿಂತ ಉದ್ದವಾಗಿದ್ದು, ಬಹುಭಾಗ ಸುಣ್ಣಕಲ್ಲಿನ ಬೆಟ್ಟಕ್ಕೂ ನೀರಿಗೂ ನಡುವೆ ಇಕ್ಕಟ್ಟಾಗಿ ಹಾದುಹೋಗುತ್ತದೆ. ಹಿಂದೆ ಡುಬ್ರೊವ್ನಿಕ್ ತಲುಪಲು ಕರಾವಳಿಯ ನಡುವೆ ಕಡಲವರೆಗೆ ಚಾಚಿರುವ ಬೋಸ್ನಿಯಾದ ನೆಯೂಮ್ ಪಟ್ಟಿಯನ್ನು ಎರಡು ಗಡಿಠಾಣೆಗಳ ಮೂಲಕ ದಾಟಬೇಕಿತ್ತು. 2022ರ ಜುಲೈನಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆ ಆ ಅಡ್ಡಿಯನ್ನು ನಿವಾರಿಸಿತು. 2023ರ ಜನವರಿ 1ರಿಂದ ದೇಶ ಯೂರೊ ನಾಣ್ಯವನ್ನೂ ಯೂರೋಪಿನ ದೇಶಗಳ ನಡುವಿನ ಗಡಿ ತಪಾಸಣೆಯನ್ನು ಸಡಿಲಿಸುವ ಷೆಂಗೆನ್ ವ್ಯವಸ್ಥೆಯನ್ನೂ ಸೇರಿದ್ದರಿಂದ ಸ್ಲೊವೇನಿಯಾ ಕಡೆಯಿಂದ ಕಾರಿನಲ್ಲಿ ಬರುವವರಿಗೂ ಸುಲಭ.

ನೀರು ಸೌಮ್ಯವಾದ ಮಾತ್ರಕ್ಕೆ ಗಾಳಿಯೂ ಹಾಗೆಯೇ ಎಂದು ಎಣಿಸಬಾರದು. ಈಶಾನ್ಯದಿಂದ, ವೆಲೆಬಿಟ್ ಬೆಟ್ಟಸಾಲಿನ ಇಳಿಜಾರಿನಲ್ಲಿ ಧುಮುಕಿ ಬರುವ ಬುರಾ ಎಂಬ ತಣ್ಣನೆಯ ಗಾಳಿ ಕೆಲವೊಮ್ಮೆ ಎಷ್ಟು ಜೋರಾಗಿರುತ್ತದೆಂದರೆ ಹೆದ್ದಾರಿಯ ಕೆಲ ಭಾಗಗಳನ್ನು ಎತ್ತರದ ವಾಹನಗಳಿಗೆ ಮುಚ್ಚಬೇಕಾಗುತ್ತದೆ. ಕ್ಯಾಂಪರ್‌ವ್ಯಾನ್‌ನಲ್ಲಿ ಹೊರಟವರು ಇದನ್ನು ಗಮನದಲ್ಲಿಡಬೇಕು. ಬುರಾ ನೆಲದಿಂದ ಕಡಲಿಗೆ ಬೀಸುವ ಗಾಳಿಯಾದ್ದರಿಂದ ಮೇಲೆ ಹೇಳಿದ ಮೋಸವೂ ಅದರಲ್ಲಿದೆ. ಆಗ್ನೇಯದ ಯುಗೊ ಗಾಳಿ ಎರಡು ಮೂರು ದಿನಗಳಲ್ಲಿ ನಿಧಾನಕ್ಕೆ ಬೆಳೆದು ದೊಡ್ಡ ಅಲೆಗಳನ್ನು ತರುತ್ತದೆ. ಬೇಸಿಗೆಯ ಮಧ್ಯಾಹ್ನದ ಮಾಯೆಸ್ಟ್ರಲ್ ಮಾತ್ರ ನಂಬಿಕಸ್ಥ ಗಾಳಿ: ಹಗಲೇರಿದಂತೆ ವಾಯವ್ಯದಿಂದ ಎದ್ದು ಸಂಜೆಗೆ ಅಡಗುತ್ತದೆ. ಹಾಗಾಗಿ ಉತ್ತರದಲ್ಲಿ ವೆಲೆಬಿಟ್ ಬೆಟ್ಟಸಾಲಿನ ಬುಡದ ಇಕ್ಕಟ್ಟಾದ ಕಡಲ ಭಾಗವನ್ನು ಕಾರಿನಲ್ಲೇ ದಾಟಿ, ಕಯಾಕಿಂಗ್‌ಗೆಂದು ಇಟ್ಟುಕೊಂಡ ದಿನಗಳನ್ನೆಲ್ಲ ದಕ್ಷಿಣಕ್ಕೆ ಮೀಸಲಿಡುವುದು ನನ್ನ ಸಲಹೆ.

ದಕ್ಷಿಣದಲ್ಲಿ ಆಯ್ಕೆಗಳು ಹೇರಳವಾಗಿವೆ. ಡುಬ್ರೊವ್ನಿಕ್ ಕೋಟೆಗೋಡೆಯ ಬುಡದಿಂದ ಲೊಕ್ರುಮ್ ದ್ವೀಪವನ್ನು ಸುತ್ತಿ ಬರುವ ಅರ್ಧ ದಿನದ ಪ್ರವಾಸ ಎಲ್ಲರೂ ಮಾಡುವಂಥದು. ಅದಕ್ಕೆ ತಕ್ಕ ಗದ್ದಲವೂ ಇದೆ. ಕೊಲೊಚೆಪ್, ಲೊಪುಡ್, ಶಿಪಾನ್ ದ್ವೀಪಗಳ ಎಲಾಫಿಟಿ ಸಮೂಹ ಎರಡು ಮೂರು ದಿನಗಳ ಪಯಣಕ್ಕೆ ಚೆನ್ನ. ಚಿಕ್ಕ ಮಕ್ಕಳಿರುವವರಿಗೆ ಮ್ಲ್ಯೆಟ್ ದ್ವೀಪ ಇನ್ನೂ ಚೆನ್ನ: ಪೆಲ್ಯೆಶಾಟ್ಸ್ ಪರ್ಯಾಯದ್ವೀಪದಿಂದ ಕಾರು ಸಮೇತ ಫೆರಿಯಲ್ಲಿ ದಾಟಿದರೆ, ಅಲ್ಲಿನ ರಾಷ್ಟ್ರೀಯ ಉದ್ಯಾನದೊಳಗೆ ಸಮುದ್ರಕ್ಕೆ ಕಿರಿದಾದ ಬಾಯಿಯಿಂದ ಸೇರಿಕೊಂಡಿರುವ ಎರಡು ಉಪ್ಪುನೀರಿನ ಸರೋವರಗಳಿವೆ, ದೊಡ್ಡದರ ನಡುವಿನ ನಡುಗಡ್ಡೆಯಲ್ಲಿ ಹಳೆಯ ಬೆನೆಡಿಕ್ಟೀನ್ ಮಠವಿದೆ. ಹೊರಗಡಲಿನಲ್ಲಿ ಎಂಥ ಗಾಳಿಯಿದ್ದರೂ ಈ ಸರೋವರಗಳಲ್ಲಿ ಹುಟ್ಟು ಹಾಕಬಹುದಾದ ದಿನಗಳೇ ಹೆಚ್ಚು.

ಈ ತೀರದ ನಿಜವಾದ ಕೊರತೆಗಳು ಎರಡು. ಜುಲೈ, ಆಗಸ್ಟ್‌ನಲ್ಲಿ ವೇಗದ ದೋಣಿಗಳೂ ವಿಹಾರನೌಕೆಗಳೂ ಕಡಲನ್ನು ತುಂಬಿಕೊಂಡಿರುತ್ತವೆ. ನೀರಿನ ಮಟ್ಟದಲ್ಲಿ ಕುಳಿತ ಕಯಾಕಿಗರು ಅವುಗಳ ಕಣ್ಣಿಗೆ ಬೀಳುವುದು ಕಷ್ಟ. ಅಲ್ಲದೆ ಅನುಮತಿಯಿಲ್ಲದ ಕಡೆ ಡೇರೆ ಹಾಕುವುದು ಕಾನೂನಿನ ಪ್ರಕಾರ ನಿಷಿದ್ಧವಾದ್ದರಿಂದ, ದ್ವೀಪದಿಂದ ದ್ವೀಪಕ್ಕೆ ಮನಸ್ಸು ಬಂದಲ್ಲಿ ತಂಗುತ್ತ ಸಾಗುವ ಕಯಾಕಿಗರ ಕನಸು ಇಲ್ಲಿ ನಡೆಯುವುದಿಲ್ಲ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಅಥವಾ ಸೆಪ್ಟೆಂಬರ್‌ನಲ್ಲಿ ಹೋದರೆ ಮೊದಲ ಕೊರತೆ ನೀಗುತ್ತದೆ, ಸೆಪ್ಟೆಂಬರ್‌ನಲ್ಲಂತೂ ನೀರು ಇನ್ನೂ ಬೆಚ್ಚಗಿರುತ್ತದೆ.

ಸ್ಕಾಟ್ಲೆಂಡ್: ವೃತ್ತವನ್ನು ಪೂರ್ತಿ ಮಾಡಬೇಡಿ

ಇನ್ವರ್ನೆಸ್ ಕೋಟೆಯಿಂದ ಹೊರಟು ಅಲ್ಲಿಗೇ ಮರಳುವ, 516 ಮೈಲು ಅಂದರೆ ಸುಮಾರು 830 ಕಿಲೋಮೀಟರ್ ಉದ್ದದ ನಾರ್ತ್ ಕೋಸ್ಟ್ 500 ಮಾರ್ಗಕ್ಕೆ ಆ ಹೆಸರಿಟ್ಟು 2015ರಲ್ಲಿ ಪ್ರಚಾರ ಆರಂಭಿಸಲಾಯಿತು. ರಸ್ತೆಗಳು ಅದಕ್ಕಿಂತ ಬಹಳ ಹಿಂದಿನಿಂದ ಇದ್ದವೇ. ಇಡೀ ಸುತ್ತನ್ನು ಮುಗಿಸಲೇಬೇಕೆಂಬ ಹಟ ಕಯಾಕಿಗರಿಗೆ ಒಳ್ಳೆಯದಲ್ಲ. ಉತ್ತರ ತೀರ ತೆರೆದ ಅಟ್ಲಾಂಟಿಕ್‌ಗೆ ಮುಖ ಮಾಡಿದೆ. ಅದರ ಪೂರ್ವ ತುದಿಯ ಪೆಂಟ್‌ಲ್ಯಾಂಡ್ ಫರ್ತ್ ಜಲಸಂಧಿಯ ಉಬ್ಬರದ ಸೆಳೆತ ಜಗತ್ತಿನಲ್ಲೇ ಅತಿ ವೇಗದವುಗಳಲ್ಲಿ ಒಂದು. ಪೂರ್ವ ತೀರದಲ್ಲಿ ಮರೆಯೂ ಕಡಿಮೆ, ದ್ವೀಪಗಳೂ ಇಲ್ಲ. ಅನುಭವಿಗಳಿಗೆ ಬೇಕಾದದ್ದೆಲ್ಲ ಆಪಲ್‌ಕ್ರಾಸ್‌ನಿಂದ ಕೈಲೆಸ್ಕುವರೆಗಿನ ಪಶ್ಚಿಮ ಭಾಗದಲ್ಲೇ ಇದೆ. ಅಷ್ಟನ್ನೇ ಆರಿಸಿಕೊಂಡು, ಉಳಿದ ದಿನಗಳನ್ನು ಗಾಳಿ ತಗ್ಗುವುದನ್ನು ಕಾಯಲು ಬಳಸಿದರೆ ಪ್ರಯಾಣ ಸಾರ್ಥಕವಾಗುತ್ತದೆ.

ಈ ಭಾಗದಲ್ಲಿ ಟಾರಿಡನ್ ಲಾಕ್‌ನಂಥ ಉದ್ದನೆಯ ಕಡಲತೋಳುಗಳು ಗಾಳಿಯ ದಿನಕ್ಕೂ, ಅಕಿಲ್ಟಿಬೂಯಿ ಮುಂದಿನ ಸಮ್ಮರ್ ಐಲ್ಸ್ ದ್ವೀಪಗಳು ಶಾಂತವಾದ ದಿನಕ್ಕೂ ಒದಗುತ್ತವೆ. ಗಾಳಿ ಯಾವ ದಿಕ್ಕಿನದೆಂದು ಬೆಳಿಗ್ಗೆ ನೋಡಿ ನೀರಿಗಿಳಿಯುವ ಜಾಗವನ್ನು ಬದಲಿಸಿಕೊಳ್ಳುವ ಈ ಅನುಕೂಲ ಸ್ವಂತ ಕಯಾಕ್ ಇರುವವರಿಗೆ ಹೆಚ್ಚು ದಕ್ಕುತ್ತದೆ. 2003ರ ಭೂಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೂ ಬಹುತೇಕ ಎಲ್ಲ ನೆಲ ಮತ್ತು ನೀರಿನ ಮೇಲೆ ಓಡಾಡುವ, ಚಿಕ್ಕ ಡೇರೆ ಹಾಕಿ ತಂಗುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ಮೋಟಾರು ವಾಹನಗಳಿಗೆ ಅನ್ವಯಿಸುವುದಿಲ್ಲ; ವ್ಯಾನಿನೊಳಗೆ ಮಲಗುವುದು ಕಾಯ್ದೆ ಹೇಳುವ ಕ್ಯಾಂಪಿಂಗ್ ಅಲ್ಲವೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ರಸ್ತೆಯ ವಿಚಾರದಲ್ಲೂ ಎಚ್ಚರ ಬೇಕು. 626 ಮೀಟರ್ ಎತ್ತರಕ್ಕೆ ಏರುವ ಬೆಲಾಖ್ ನ ಬಾ ಘಟ್ಟದ ಬುಡದಲ್ಲಿ, ಹೊಸದಾಗಿ ಚಾಲನೆ ಕಲಿಯುತ್ತಿರುವವರಿಗೂ ದೊಡ್ಡ ವಾಹನಗಳಿಗೂ ಈ ದಾರಿ ಸಲ್ಲದೆಂದು ಹೇಳುವ ದೊಡ್ಡ ಫಲಕವೇ ಇದೆ. ಎಡಬದಿಯ ಚಾಲನೆಗೆ ಒಗ್ಗಿದವರಿಗೂ ಒಂದೇ ವಾಹನ ಹಿಡಿಯುವ ಅಗಲದ ಇಲ್ಲಿನ ರಸ್ತೆಗಳು ಸವಾಲೇ: ಎದುರಿಗೆ ವಾಹನ ಬಂದಾಗ ಯಾರು ಹಿಂದೆ ಸರಿದು ದಾರಿ ಬಿಡುವ ಜಾಗಕ್ಕೆ ಹೋಗಬೇಕೆಂಬುದು ಕಣ್ಣಳತೆಯ ಮಾತು. ಮಾಡಿನ ಮೇಲೆ ಐದು ಮೀಟರ್ ಉದ್ದದ ಕಯಾಕ್ ಕಟ್ಟಿಕೊಂಡು ಹಿಮ್ಮುಖವಾಗಿ ಓಡಿಸುವುದನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳಿ. ಕಾಲದ ವಿಷಯದಲ್ಲಿ ಮೇ ತಿಂಗಳಿಗೆ ಸಾಟಿಯಿಲ್ಲ. ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುನೊಣಗಳು ಜೂನ್ ನಂತರ ಗಾಳಿಯಿಲ್ಲದ ಸಂಜೆಗಳನ್ನು ದುಸ್ಸಹ ಮಾಡುತ್ತವೆ, ಕಯಾಕಿಂಗ್‌ಗೆ ಬೇಕಾದ ಗಾಳಿಯಿಲ್ಲದ ಸಂಜೆಯೇ ಅವಕ್ಕೂ ಬೇಕಾದದ್ದು.

ನಾರ್ವೆ: ರಸ್ತೆಯೂ ಕಡಲಿನದೇ

ಸ್ಟೈನ್‌ಖೇರ್‌ನಿಂದ ಬೂಡೊವರೆಗಿನ ಸುಮಾರು 650 ಕಿಲೋಮೀಟರ್ ಉದ್ದದ ರಸ್ತೆ 17ರಲ್ಲಿ ಆರು ಫೆರಿಗಳನ್ನು ಹಿಡಿಯಬೇಕಾಗುತ್ತದೆ. ಅವುಗಳಲ್ಲಿ ಕಿಲ್‌ಬೊಗ್‌ಹಾಮ್ನ್‌ನಿಂದ ಯೆಕ್ಟ್‌ವಿಕ್‌ಗೆ ಹೋಗುವ ಫೆರಿ ದಾರಿಯಲ್ಲೇ ಆರ್ಕ್ಟಿಕ್ ವೃತ್ತವನ್ನು ದಾಟುತ್ತದೆ. ರಸ್ತೆಯೂ ಕಡಲೂ ಬೆಸೆದುಕೊಂಡಿರುವ ಈ ಮಾರ್ಗ, ಬರಿಯ ಪ್ರಯಾಣವಾಗಿ ನೋಡಿದರೆ, ನಾಲ್ಕರಲ್ಲೂ ನನಗೆ ಅತ್ಯಂತ ಮೆಚ್ಚಿಕೆಯದು. ಬ್ರೊನ್ನೊಯ್‌ಸುಂಡ್ ಬಳಿಯ ಟೊರ್ಗ್‌ಹಾಟ್ಟೆನ್ ಬೆಟ್ಟದ ನಡುವೆ 160 ಮೀಟರ್ ಉದ್ದದ ಸಹಜ ಸುರಂಗವಿದ್ದು, ಕಡಲಿನಿಂದ ನೋಡಿದರೆ ಬೆಟ್ಟದೊಳಗಿಂದ ಆಚೆಯ ಆಕಾಶ ಕಾಣುತ್ತದೆ. ಮುಂದೆ ಸಾಂಡ್‌ನೆಸ್‌ಶೊಯೆನ್ ಮೇಲೆ ಸಾಲುಗಟ್ಟಿದ ಏಳು ಸೋದರಿಯರ ಶಿಖರಗಳು, ಅದರಾಚೆ ಸ್ವಾರ್ಟಿಸೆನ್ ಹಿಮನದಿ.

ಕಯಾಕಿಗೆ ಇಲ್ಲಿನ ಮುಖ್ಯ ತಾಣ ವೇಗಾ ದ್ವೀಪಸಮೂಹ. ಸಾವಿರಾರು ಸಣ್ಣ ದ್ವೀಪಗಳೂ ನೀರಿನಿಂದ ತುಸುವೇ ಮೇಲೆದ್ದ ಬಂಡೆಗಳೂ ಚದುರಿಕೊಂಡಿರುವ ಈ ಆಳವಿಲ್ಲದ ಕಡಲಿನಲ್ಲಿ ಹೊರಗಿನ ದೊಡ್ಡ ಅಲೆಗಳು ಒಳಬರುವ ಮೊದಲೇ ಮುರಿದು ತಣ್ಣಗಾಗುತ್ತವೆ. ಇಲ್ಲಿನ ಜನ ಈಡರ್ ಎಂಬ ಕಡಲಬಾತುಗಳಿಗೆ ಪುಟ್ಟ ಮನೆಗಳನ್ನು ಕಟ್ಟಿಕೊಟ್ಟು, ಕಾವು ಮುಗಿಸಿ ಅವು ಬಿಟ್ಟುಹೋದ ಮೃದುವಾದ ಗರಿಗಳನ್ನು ಸಂಗ್ರಹಿಸುತ್ತ ಬದುಕಿದವರು. ಆ ಜೀವನಕ್ರಮಕ್ಕಾಗಿಯೇ ಯುನೆಸ್ಕೊ 2004ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಕ್ಕಿಗಳಿಗೆ ಮೀಸಲಾದ ದ್ವೀಪಗಳ ಮೇಲೆ ಸಾಮಾನ್ಯವಾಗಿ ಏಪ್ರಿಲ್ ಮಧ್ಯದಿಂದ ಜುಲೈ ಕೊನೆಯವರೆಗೆ ಇಳಿಯುವಂತಿಲ್ಲ. ಉಳಿದೆಡೆ 1957ರ ಹೊರಾಂಗಣ ಜೀವನ ಕಾಯ್ದೆಯ ಪ್ರಕಾರ, ಮನೆಗಳಿಂದ 150 ಮೀಟರ್ ದೂರದಲ್ಲಿ ಯಾರಾದರೂ ಡೇರೆ ಹಾಕಬಹುದು. ಇದನ್ನೆಲ್ಲ ನೋಡಿ ನೀರು ಸುಲಭವೆಂದು ತಿಳಿಯಬಾರದು. ಚದುರಿದ ದ್ವೀಪಗಳ ನಡುವೆ ಮಂಜು ಕವಿದರೆ ದಿಕ್ಕು ತಪ್ಪುವುದು ಸಲೀಸು. ನಕ್ಷೆ ಮತ್ತು ದಿಕ್ಸೂಚಿಯ ಬಳಕೆ ಬಾರದವರು ಮಾರ್ಗದರ್ಶಕರೊಂದಿಗೇ ಹೋಗಬೇಕು.

ಬೂಡೊ ಸಮೀಪದ ಸಾಲ್ಟ್‌ಸ್ಟ್ರೌಮೆನ್ ಜಲಸಂಧಿಯನ್ನು ದಡದಿಂದ ನೋಡಿ. ಸುಮಾರು 150 ಮೀಟರ್ ಅಗಲದ ಆ ಕಿಂಡಿಯ ಮೂಲಕ ಆರು ಗಂಟೆಗಳಿಗೊಮ್ಮೆ 40 ಕೋಟಿ ಘನ ಮೀಟರ್‌ವರೆಗೆ ನೀರು ನುಗ್ಗಿ ಸುಳಿಗಳನ್ನು ಎಬ್ಬಿಸುತ್ತದೆ. ಉಬ್ಬರದ ಲೆಕ್ಕ ಏಕೆ ಬೇಕೆಂದು ಕೇಳುವವರನ್ನು ಅಲ್ಲಿನ ಸೇತುವೆಯ ಮೇಲೆ ಅರ್ಧ ಗಂಟೆ ನಿಲ್ಲಿಸಿದರೆ ಸಾಕು.

ವ್ಯಾಂಕೂವರ್ ದ್ವೀಪದ ಕುರಿತು ಕೆಲವು ಮಾತು

ವ್ಯಾಂಕೂವರ್ ದ್ವೀಪದಲ್ಲಿ ಪಶ್ಚಿಮಕ್ಕೆ ಟೊಫಿನೊವರೆಗೆ ಹೋಗುವ ಹೆದ್ದಾರಿ 4 ಬೃಹತ್ ಡಗ್ಲಸ್ ಫರ್ ಮರಗಳ ಕೆಥೀಡ್ರಲ್ ಗ್ರೋವ್ ಮೂಲಕ ಹಾದುಹೋಗುತ್ತದೆ, ಆದರೆ ದಾರಿಯ ಬಹುಪಾಲಿನಲ್ಲಿ ಕಡಲು ಕಾಣುವುದಿಲ್ಲ. ಪೆಸಿಫಿಕ್ ರಿಮ್ ರಾಷ್ಟ್ರೀಯ ಉದ್ಯಾನದ ಭಾಗವಾದ ಬ್ರೋಕನ್ ಗ್ರೂಪ್‌ನ ನೂರಕ್ಕೂ ಹೆಚ್ಚು ದ್ವೀಪಗಳು ಹಲವು ದಿನ ಕಯಾಕಿನಲ್ಲೇ ಕಳೆಯುವವರಿಗೆ ಬಹಳ ಹಿಡಿಸುತ್ತವೆ; ಗೊತ್ತುಪಡಿಸಿದ ಕೆಲವೇ ದ್ವೀಪಗಳಲ್ಲಿ ಮಾತ್ರ, ಮೊದಲೇ ಕಾಯ್ದಿರಿಸಿ ತಂಗಬೇಕು. ಈಶಾನ್ಯದ ಜಾನ್‌ಸ್ಟನ್ ಜಲಸಂಧಿಗೆ ಬೇಸಿಗೆಯಲ್ಲಿ ಓರ್ಕಾ ತಿಮಿಂಗಿಲಗಳು ಬರುತ್ತವೆ. ಅವು ಉರುಟುಕಲ್ಲಿನ ತೀರಕ್ಕೆ ಮೈ ಉಜ್ಜಿಕೊಳ್ಳುವ ರಾಬ್ಸನ್ ಬೈಟ್ 1982ರಿಂದ ಮೀಸಲು ಪ್ರದೇಶ, ಅದರೊಳಗೆ ಕಯಾಕ್ ಒಯ್ಯುವಂತಿಲ್ಲ. ಆಗಸ್ಟ್‌ನ ಮಂಜು, ಕರಡಿಗಳಿಗೆ ಸಿಗದಂತೆ ಆಹಾರ ಇಡುವ ಶಿಸ್ತು, ತಣ್ಣನೆಯ ನೀರು ಇವೆಲ್ಲ ಸೇರಿ ಇದು ಎರಡನೆಯ ಅಥವಾ ಮೂರನೆಯ ಪ್ರಯಾಣಕ್ಕೆ ತಕ್ಕುದು.

ಕಯಾಕ್ ಒಯ್ಯಬೇಕೇ, ಬಾಡಿಗೆ ಪಡೆಯಬೇಕೇ

ವಿಮಾನದಲ್ಲಿ ಹೋಗಿ ಕಾರು ಬಾಡಿಗೆ ಹಿಡಿಯುವವರಿಗೆ ಈ ಪ್ರಶ್ನೆ ಬಹುಮಟ್ಟಿಗೆ ತಾನೇ ಬಗೆಹರಿಯುತ್ತದೆ: ಅಲ್ಲಿಯೇ ಬಾಡಿಗೆಗೆ ಪಡೆಯುವುದು. ಬಾಡಿಗೆ ಕಾರಿನ ಮಾಡಿಗೆ ಕಯಾಕ್ ಕಟ್ಟಲು ಅನೇಕ ಕಂಪನಿಗಳು ಬಿಡುವುದಿಲ್ಲ, ಫೆರಿಗಳಲ್ಲಿ ವಾಹನದ ಅಳತೆಗೆ ತಕ್ಕಂತೆ ದರ ಏರುತ್ತದೆ. ನ್ಯೂಜಿಲೆಂಡ್ ಮತ್ತು ಕ್ರೊಯೇಷಿಯಾಗಳಲ್ಲಿ ಬಾಡಿಗೆಯ ವ್ಯವಸ್ಥೆ ಎಷ್ಟು ಚೆನ್ನಾಗಿದೆಯೆಂದರೆ ಸ್ವಂತದ್ದನ್ನು ಒಯ್ಯುವ ಅಗತ್ಯವೇ ಬೀಳುವುದಿಲ್ಲ. ಸ್ಕಾಟ್ಲೆಂಡ್, ನಾರ್ವೆಗಳಲ್ಲಿ ಮಾತ್ರ ಜಾಗ ಬದಲಿಸುವ ಸ್ವಾತಂತ್ರ್ಯ ಬೇಕೆನಿಸುತ್ತದೆ. ಅಲ್ಲಿ ಮಡಿಸಿ ಚೀಲಕ್ಕೆ ಹಾಕಬಹುದಾದ ಕಯಾಕ್ ಉಪಯೋಗಕ್ಕೆ ಬರಬಹುದು. ಗಾಳಿ ತುಂಬುವ ಅಗ್ಗದ ಕಯಾಕುಗಳು ಕೊಳಕ್ಕೆ ಸರಿ, ತೆರೆದ ಕಡಲಿಗೆ ಸಲ್ಲವು, ಏಕೆಂದರೆ ನೀರಿನ ಮೇಲೆ ತೇಲುವ ಅವುಗಳ ಮೈಯನ್ನು ಗಾಳಿ ಹಿಡಿದು ಒಯ್ಯುತ್ತದೆ. ಮೇಲೆ ಕೂರುವ ಬಗೆಯ ಕಯಾಕ್ ಬೆಚ್ಚಗಿನ ನೀರಿಗೆ ಹಿತಕರ, ಮಗುಚಿದರೂ ಮತ್ತೆ ಹತ್ತುವುದು ಸುಲಭ. ತಣ್ಣನೆಯ ನೀರಿನಲ್ಲಿ ಸೊಂಟದ ಸುತ್ತ ಮುಚ್ಚಳವಿರುವ, ಮುಂದೆ ಹಿಂದೆ ನೀರು ಹೊಗದ ಕೋಣೆಗಳಿರುವ ಉದ್ದನೆಯ ಕಡಲ ಕಯಾಕೇ ಬೇಕು.

ದಿನಗಳನ್ನು ಹಂಚುವುದು

ಇಂಥ ಪ್ರಯಾಣಗಳು ಕೆಡುವುದು ಸಾಮಾನ್ಯವಾಗಿ ಪ್ರತಿದಿನವೂ ಹೊಸ ಊರಿನಲ್ಲಿ ಕೋಣೆ ಕಾಯ್ದಿರಿಸಿರುವುದರಿಂದ. ಕಯಾಕಿಂಗ್ ದಿನವೆಂದರೆ ಬೆಳಿಗ್ಗೆಯ ಸಿದ್ಧತೆ, ಸುರಕ್ಷತೆಯ ಪಾಠ, ನೀರಿನಲ್ಲಿ ನಾಲ್ಕೈದು ಗಂಟೆ, ಆಮೇಲೆ ಒದ್ದೆ ಬಟ್ಟೆ ಒಣಗಿಸುವ ಕೆಲಸ ಎಲ್ಲ ಸೇರಿದ್ದು. ಅದೇ ಸಂಜೆ 200 ಕಿಲೋಮೀಟರ್ ಕಾರು ಓಡಿಸುವುದು ಬುದ್ಧಿವಂತಿಕೆಯಲ್ಲ. ಎರಡು ವಾರಗಳಿದ್ದರೆ ಮೂರು ನೆಲೆಗಳನ್ನಷ್ಟೇ ಆರಿಸಿ, ಪ್ರತಿಯೊಂದರಲ್ಲೂ ಕಯಾಕಿಂಗ್‌ಗೆ ಬೇಕಾದುದಕ್ಕಿಂತ ಒಂದು ದಿನ ಹೆಚ್ಚು ತಂಗಿ. ಗಾಳಿ ಎದ್ದ ದಿನ ಆ ಹೆಚ್ಚುವರಿ ದಿನವೇ ರಸ್ತೆಯ ದಿನವಾಗುತ್ತದೆ, ಬೆಟ್ಟದ ದಾರಿ, ದೀಪಸ್ತಂಭ, ಮೀನುಗಾರರ ಹಳ್ಳಿಗಳೆಲ್ಲ ಆಗ ನೋಡಲು ಸಿಗುತ್ತವೆ. ಒಂದೇ ವಾರವಿರುವವರು ನಾರ್ವೆಯನ್ನು ಕೈಬಿಡುವುದೇ ಸರಿ. ಫೆರಿಗಳ ಸರತಿಯಲ್ಲೇ ಬಹಳ ಹೊತ್ತು ಕಳೆದುಹೋಗುತ್ತದೆ. ಒಂದು ವಾರಕ್ಕೆ ಏಬಲ್ ಟಾಸ್ಮನ್ ಮತ್ತು ಮಾರ್ಲ್‌ಬರೋ ಸೌಂಡ್ಸ್, ಇಲ್ಲವೇ ಡುಬ್ರೊವ್ನಿಕ್ ಮತ್ತು ಮ್ಲ್ಯೆಟ್ ಸಾಕು.

ಕಾಯ್ದಿರಿಸುವಾಗಲೂ ನೀರಿಗೇ ಮೊದಲ ಸ್ಥಾನ. ಏಬಲ್ ಟಾಸ್ಮನ್‌ನ ಗುಡಿಸಲು ಮತ್ತು ಡೇರೆಯ ಜಾಗಗಳು, ಬ್ರೋಕನ್ ಗ್ರೂಪ್‌ನ ತಂಗುದಾಣಗಳು ತಿಂಗಳುಗಳ ಮುಂಚೆಯೇ ತುಂಬುವುದರಿಂದ ಅವುಗಳ ದಿನಾಂಕ ಸಿಕ್ಕ ಮೇಲಷ್ಟೇ ವಿಮಾನದ ಟಿಕೆಟ್ ಕೊಳ್ಳಿ. ಉಬ್ಬರ ಮುಖ್ಯವಾದ ಕಡೆಗಳಲ್ಲಿ ನಿಮ್ಮ ದಿನಾಂಕಗಳು ಹುಣ್ಣಿಮೆ ಅಮಾವಾಸ್ಯೆಗಳಿಗೆ ಹೇಗೆ ಹೊಂದುತ್ತವೆಂದು ಪಂಚಾಂಗ ತೆರೆದು ನೋಡಿ. ಚಂದ್ರ ಅರ್ಧವಿರುವ ವಾರ ಹೊಸಬರಿಗೆ ಹೆಚ್ಚು ಅನುಕೂಲ. ಕಾರು ಮತ್ತು ನಡುವಿನ ಊರುಗಳ ಕೋಣೆಗಳನ್ನು ಕೊನೆಗೆ ಗೊತ್ತುಮಾಡಿಕೊಂಡರೂ ನಡೆಯುತ್ತದೆ, ಅವೂ ರದ್ದುಮಾಡಲು ಅವಕಾಶವಿರುವಂಥವಾಗಿರಲಿ.